ಯಾರ ಮಗು, ಯಾರ ಕುಟುಂಬ?

ಮನೆಮಂದಿಯ ಫೋಟೋ ಎಂದರೆ ಅದೊಂದು ಮುಗ್ಧ ವಸ್ತು ಎಂದು ನಂಬಿಸಲಾಗಿದೆ. ಅಪ್ಪ ಕುರ್ಚಿಯ ಮೇಲೆ, ಅವ್ವ ಪಕ್ಕದಲ್ಲಿ, ಮಕ್ಕಳು ಎತ್ತರಕ್ಕೆ ತಕ್ಕಂತೆ ಸಾಲಾಗಿ. ಎಣ್ಣೆ ಹಚ್ಚಿ ಬಾಚಿದ ತಲೆ, ಆ ದಿನಕ್ಕೆಂದೇ ತೆಗೆದಿರಿಸಿದ ಅಂಗಿ. ಇದರಲ್ಲಿ ರಾಜಕೀಯ ಎಲ್ಲಿಂದ ಬಂತು, ಎಲ್ಲದರಲ್ಲೂ ಜಾತಿ ವರ್ಗ ಹುಡುಕೋ ಚಾಳಿ ನಿಮ್ಮದು ಅಂತ ಶುದ್ಧ ಕಲೆಯ ವಕ್ತಾರರು ನಮ್ಮನ್ನು ಕೇಳುತ್ತಾರೆ. ನಾವು ಹೇಳುವುದಿಷ್ಟೆ: ಯಾರ ಮಗು ಲೋಕದ ಕಣ್ಣಿಗೆ ಮಗುವಾಗಿ ಕಾಣುತ್ತದೆ, ಯಾರ ಮನೆ ಮನೆಯಾಗಿ ಕಾಣುತ್ತದೆ ಎಂಬುದನ್ನು ಕ್ಯಾಮರಾ ತೀರ್ಮಾನಿಸುವುದಿಲ್ಲ. ಫೋಟೋ ತೆಗೆಸುವ ಶಕ್ತಿ, ಅದನ್ನು ತೂಗುಹಾಕುವ ಗೋಡೆ, ಅದರ ಕೆಳಗೆ ಬರೆಯುವ ಮಾತು, ಅದನ್ನು ಅಚ್ಚು ಹಾಕುವ ಪತ್ರಿಕೆ, ಇವೆಲ್ಲ ಯಾರ ಕೈಯಲ್ಲಿವೆಯೋ ಅವರು ತೀರ್ಮಾನಿಸುತ್ತಾರೆ. ಇದನ್ನು ಬರಿಯ ವಾದವಾಗಿ ಹೇಳದೆ ಒಂದು ದೇಶ, ಒಂದು ವರ್ಷ ಹಿಡಿದು ನೋಡೋಣ. ದೇಶ ಅಮೆರಿಕ. ವರ್ಷ 1955.

1

ಆ ವರ್ಷದ ಜನವರಿ 24ರಂದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟಿನಲ್ಲಿ ಒಂದು ಫೋಟೋ ಪ್ರದರ್ಶನ ತೆರೆಯಿತು. ಹೆಸರು ‘ದಿ ಫ್ಯಾಮಿಲಿ ಆಫ್ ಮ್ಯಾನ್’, ಅಂದರೆ ಮಾನವ ಕುಟುಂಬ. ಕಟ್ಟಿದವರು ಎಡ್ವರ್ಡ್ ಸ್ಟೈಕನ್. 68 ದೇಶಗಳು, 273 ಛಾಯಾಗ್ರಾಹಕರು, 503 ಚಿತ್ರಗಳು. ಪ್ರೇಮ, ಬಸಿರು, ಬಾಣಂತನ, ಮಕ್ಕಳ ಆಟ, ದುಡಿಮೆ, ಊಟ, ಸಾವು, ಹೀಗೆ ಬದುಕಿನ ಹಂತಗಳ ಪ್ರಕಾರ ಚಿತ್ರಗಳನ್ನು ಜೋಡಿಸಿದ್ದರು. ನಂತರದ ವರ್ಷಗಳಲ್ಲಿ ಅಮೆರಿಕ ಸರ್ಕಾರದ ಪ್ರಚಾರ ಸಂಸ್ಥೆ ಇದನ್ನು ದೇಶದೇಶಗಳಿಗೆ ಹೊತ್ತು ತಿರುಗಿತು. ತೊಂಬತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಈಗ ಅದು ಲಕ್ಸೆಂಬರ್ಗಿನ ಕ್ಲೆರ್ವೋ ಕೋಟೆಯಲ್ಲಿ ಕಾಯಂ ಪ್ರದರ್ಶನವಾಗಿದೆ.

ಇದರ ಒಳ್ಳೆಯ ಗುಣವನ್ನು ಮೊದಲು ಹೇಳಿಬಿಡೋಣ. ಎರಡು ಮಹಾಯುದ್ಧ ಕಂಡ ಮುದುಕನೊಬ್ಬನಿಗೆ ಶಾಂತಿ ಬೇಕೆನ್ನಿಸಿದ್ದು ಸುಳ್ಳಲ್ಲ. ಹೈಡ್ರೋಜನ್ ಬಾಂಬಿನ ದೊಡ್ಡದೊಂದು ಚಿತ್ರವನ್ನೂ ಆತ ಅಲ್ಲಿ ಇಟ್ಟಿದ್ದ. ಕೊನೆಯ ಚಿತ್ರವಂತೂ ಯಾರ ಕರುಳನ್ನಾದರೂ ಹಿಡಿಯುವಂಥದು. ಯುದ್ಧಭೂಮಿಯಲ್ಲಿ ಗಾಯಗೊಂಡು ಬಂದಿದ್ದ ಯುಜೀನ್ ಸ್ಮಿತ್ 1946ರಲ್ಲಿ ತನ್ನದೇ ಇಬ್ಬರು ಮಕ್ಕಳನ್ನು ತೆಗೆದ ಫೋಟೋ ಅದು. ಒಂದು ಹುಡುಗ, ಒಂದು ಹುಡುಗಿ. ನಮಗೆ ಬೆನ್ನು ಮಾಡಿ ಮರಗಳ ಕತ್ತಲಿನಿಂದ ಬೆಳಕಿಗೆ ಕಾಲಿಡುತ್ತಿದ್ದಾರೆ. ಮಗು ಎಂದರೆ ನಾಳೆ, ಮಗು ಎಂದರೆ ಬೆಳಕು ಎಂದು ಇಡೀ ಪ್ರದರ್ಶನದ ತಾತ್ಪರ್ಯವನ್ನು ಅದು ಹೇಳುತ್ತದೆ.

ಆದರೆ ಅದೇ ಪ್ರದರ್ಶನದಲ್ಲಿದ್ದ ನಾಲ್ಕು ಕುಟುಂಬಗಳ ಗುಂಪುಚಿತ್ರಗಳನ್ನು ಸ್ವಲ್ಪ ನಿಧಾನವಾಗಿ ನೋಡಿ. ಒಂದು ಸಿಸಿಲಿಯದು, ವೀಟೊ ಫಿಯೊರೆಂಜ಼ಾ ತೆಗೆದದ್ದು. ಒಂದು ಜಪಾನಿನದು, ಕಾರ್ಲ್ ಮೈಡನ್ಸ್ ತೆಗೆದದ್ದು. ಒಂದು ಆಫ್ರಿಕದ ಬೆಚುವಾನಾಲ್ಯಾಂಡಿನದು, ನ್ಯಾಟ್ ಫಾರ್ಬ್‌ಮನ್ ತೆಗೆದದ್ದು. ಇನ್ನೊಂದು ಅಮೆರಿಕದ ಓಝಾರ್ಕ್ ಬೆಟ್ಟಸೀಮೆಯ ರೈತ ಮನೆತನ, ನೀನಾ ಲೀನ್ ತೆಗೆದದ್ದು. ನಾಲ್ಕರಲ್ಲೂ ಮುದುಕರು, ಮಕ್ಕಳು, ಮೊಮ್ಮಕ್ಕಳು. ನಾಲ್ಕೂ ಒಂದೇ, ನೋಡಿ, ಮನುಷ್ಯ ಎಲ್ಲಾ ಕಡೆ ಒಂದೇ ಎನ್ನುವುದು ಪ್ರದರ್ಶನದ ಮಾತು. ಕೆಳಗೆ ಬರೆದಿರುವುದು ದೇಶದ ಹೆಸರು, ಫೋಟೋ ತೆಗೆದವರ ಹೆಸರು. ಬೇರೇನೂ ಇಲ್ಲ.

ಅಲ್ಲಿ ಬರೆಯದೆ ಬಿಟ್ಟಿದ್ದೇನು? ಬೆಚುವಾನಾಲ್ಯಾಂಡ್ ಆಗ ಬ್ರಿಟಿಷರ ಹಿಡಿತದಲ್ಲಿತ್ತು. ಬೋಟ್ಸ್ವಾನ ಎಂಬ ಹೆಸರಲ್ಲಿ ಅದು ಸ್ವತಂತ್ರವಾದದ್ದು 1966ರಲ್ಲಿ. ಜಪಾನು ಹತ್ತು ವರ್ಷದ ಹಿಂದಷ್ಟೇ ಅಮೆರಿಕದ ಅಣುಬಾಂಬಿಗೆ ಎರಡು ನಗರಗಳನ್ನು ಕಳೆದುಕೊಂಡಿತ್ತು. ಯಾರು ಯಾರನ್ನು ಆಳುತ್ತಿದ್ದಾರೆ, ಯಾರ ಭೂಮಿ ಯಾರ ಕೈಲಿದೆ, ಈ ಮನೆಯ ಮಗು ಶಾಲೆಗೆ ಹೋಗುತ್ತದೋ ಗಣಿಗೆ ಹೋಗುತ್ತದೋ, ಒಂದೂ ಗೊತ್ತಾಗುವುದಿಲ್ಲ. ಓಝಾರ್ಕಿನ ರೈತ ಮನೆತನದ ಚಿತ್ರದಲ್ಲಿ ಮಾತ್ರ ಒಂದು ವಿಶೇಷವಿದೆ. ಕೂತು ನಿಂತವರ ಹಿಂದಿನ ಗೋಡೆಯ ಮೇಲೆ, ಕಟ್ಟು ಹಾಕಿಸಿದ ಹಿರೀಕರ ಪಟಗಳು ತೂಗುತ್ತಿವೆ. ಫೋಟೋದೊಳಗೆ ಫೋಟೋ. ಆ ಕುಟುಂಬಕ್ಕೆ ಮುಖ ಇರುವಂತೆಯೇ ಮುಖಗಳ ಇತಿಹಾಸವೂ ಇದೆ. ಗೋಡೆಯ ಮೇಲಿನ ಪಟ ಎನ್ನುವುದು ಒಂದು ಆಸ್ತಿ. ಹೊಲದ ಪಹಣಿ ಇದ್ದ ಹಾಗೆ, ನಮ್ಮ ಹಿಂದೆ ಇಂಥವರಿದ್ದರು ಎಂಬುದಕ್ಕೆ ಅದು ದಾಖಲೆ. ಈ ಆಸ್ತಿ ಎಲ್ಲರಿಗೂ ಹಂಚಿಕೆಯಾಗಿಲ್ಲ.

ಪ್ರದರ್ಶನ 1956ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ ಇದೇ ಎಳೆ ಹಿಡಿದ. ಹುಟ್ಟು ಸಾವು ಎಲ್ಲರಿಗೂ ಇವೆ ಎನ್ನುವುದು ನಿಜವೇ; ಆದರೆ ಹೇಗೆ ಹುಟ್ಟುತ್ತಾರೆ, ಹೇಗೆ ಸಾಯುತ್ತಾರೆ ಎನ್ನುವುದು ಇತಿಹಾಸದ ವಿಷಯ; ಇತಿಹಾಸ ಕಿತ್ತುಹಾಕಿದರೆ ಉಳಿಯುವುದು ಬರೀ ಪುರಾಣ ಎಂಬುದು ಅವನ ವಾದದ ತಿರುಳು. ಮಾಸ್ಕೋದಲ್ಲಿ 1959ರಲ್ಲಿ ಪ್ರದರ್ಶನ ನಡೆದಾಗ ನೈಜೀರಿಯದ ವಿದ್ಯಾರ್ಥಿ ಥಿಯೋಫಿಲಸ್ ನಿಯೋಕೊಂಕ್ವೊ ಕೆಲವು ಚಿತ್ರಗಳನ್ನು ಹರಿದೇಬಿಟ್ಟ. ಆಫ್ರಿಕದ ಜನವನ್ನು ಅರೆಬೆತ್ತಲೆಯಾಗಿ, ರೋಗಿಷ್ಟರಾಗಿ ತೋರಿಸಿ ಬಿಳಿಯರನ್ನು ಘನತೆಯಿಂದ ತೋರಿಸಿದ್ದಾರೆ ಎನ್ನುವುದು ಅವನ ತಕರಾರು. ಒಬ್ಬ ಲೇಖನಿಯಿಂದ ಮಾಡಿದ್ದನ್ನು ಇನ್ನೊಬ್ಬ ಕೈಯಿಂದ ಮಾಡಿದ.

ಲೋಕವೆಲ್ಲ ಒಂದೇ ಮನೆ ಎಂಬ ಮಾತು ನಮಗೇನೂ ಹೊಸದಲ್ಲ. ವೇದಿಕೆಯ ಮೇಲೆ ನಿಂತು ಈ ಮಾತನ್ನು ಸಾವಿರ ಸಲ ಹೇಳಿದವರ ಮನೆಯ ಪಡಸಾಲೆ ದಾಟಿ ನಾವು ಎಷ್ಟು ಮಂದಿ ಒಳಗೆ ಹೋಗಿದ್ದೇವೆ? ಒಂದೇ ಮನೆ ಅನ್ನೋರನ್ನ ಕೇಳಬೇಕಾದ ಪ್ರಶ್ನೆ ಒಂದೇ: ಆ ಮನೇಲಿ ನಮ್ಮ ಜಾಗ ಯಾವುದು ಸ್ವಾಮಿ? ನಡುಮನೆಯೋ, ಕೊಟ್ಟಿಗೆಯೋ?

2

‘ಮಾನವ ಕುಟುಂಬ’ ತೆರೆದಾಗ ಅದರಲ್ಲಿ ಒಂದು ಚಿತ್ರ ಇತ್ತು. ಮಿಸಿಸಿಪಿ ರಾಜ್ಯದಲ್ಲಿ ಬಿಳಿಯರ ಗುಂಪು ಮರಕ್ಕೆ ಸರಪಳಿ ಬಿಗಿದು ಕೊಂದ ಕಪ್ಪು ಮನುಷ್ಯನ ಚಿತ್ರ. ಹೀಗೆ ಗುಂಪುಗೂಡಿ ಕೊಲ್ಲುವುದನ್ನು ಅಲ್ಲಿ ಲಿಂಚಿಂಗ್ ಎನ್ನುತ್ತಾರೆ. ನೋಡುಗರ ಗಮನ ಅದರ ಮೇಲೇ ನಿಲ್ಲುತ್ತದೆ, ಪ್ರದರ್ಶನದ ಲಯ ಕೆಡುತ್ತದೆ ಎಂದು ಸ್ವಲ್ಪ ದಿನದಲ್ಲೇ ಅದನ್ನು ಗೋಡೆಯಿಂದ ಇಳಿಸಿದರು. ಕುಟುಂಬದ ಫೋಟೋದಲ್ಲಿ ಇಂಥದಕ್ಕೆ ಜಾಗ ಎಲ್ಲಿ?

ಪ್ರದರ್ಶನ ನ್ಯೂಯಾರ್ಕಿನಲ್ಲಿ ಮುಗಿದದ್ದು ಮೇ 8ಕ್ಕೆ. ಆಗಸ್ಟ್ ತಿಂಗಳಲ್ಲಿ, ಗೋಡೆಯಿಂದ ಇಳಿಸಿದ ಮಿಸಿಸಿಪಿ ಮತ್ತೆ ಎದ್ದು ಬಂತು.

ಎಮೆಟ್ ಟಿಲ್ ಶಿಕಾಗೋ ನಗರದ ಹುಡುಗ. ಹದಿನಾಲ್ಕು ವರ್ಷ. ರಜೆಗೆಂದು ಮಿಸಿಸಿಪಿಯ ಮನಿ ಎಂಬ ಹಳ್ಳಿಗೆ, ಬಂಧುಗಳ ಮನೆಗೆ ಬಂದಿದ್ದ. ಅಂಗಡಿಯ ಬಿಳಿ ಹೆಂಗಸಿಗೆ ಶಿಳ್ಳೆ ಹಾಕಿದ, ಮರ್ಯಾದೆ ಕೆಡಿಸಿದ ಎಂಬುದು ಆರೋಪ. ಆಗಸ್ಟ್ 28ರ ನಸುಕಿನಲ್ಲಿ ಆಕೆಯ ಗಂಡ ರಾಯ್ ಬ್ರಯಂಟ್ ಮತ್ತು ಅವನ ಅಣ್ಣ ಜೆ.ಡಬ್ಲ್ಯು. ಮೈಲಮ್ ಹುಡುಗನನ್ನು ಹಾಸಿಗೆಯಿಂದ ಎಬ್ಬಿಸಿ ಒಯ್ದರು. ಮೂರು ದಿನದ ಮೇಲೆ ಟಲಹಾಚಿ ಹೊಳೆಯಲ್ಲಿ ಹೆಣ ಸಿಕ್ಕಿತು. ಹತ್ತಿಗಿರಣಿಯ ಭಾರವಾದ ಕಬ್ಬಿಣದ ಫ್ಯಾನನ್ನು ಮುಳ್ಳುತಂತಿಯಿಂದ ಕುತ್ತಿಗೆಗೆ ಬಿಗಿದಿದ್ದರು. ಮುಖ ಗುರುತು ಸಿಗದಂತೆ ಜಜ್ಜಿಹೋಗಿತ್ತು. ಬೆರಳಲ್ಲಿದ್ದ, ತೀರಿಹೋದ ಅಪ್ಪನ ಉಂಗುರದಿಂದ ಗುರುತು ಹಚ್ಚಿದರು.

ಅಲ್ಲಿನ ಅಧಿಕಾರಿಗಳಿಗೆ ಅಲ್ಲೇ ಬೇಗ ಹೂತುಬಿಡುವ ಆತುರ. ತಾಯಿ ಮೇಮಿ ಟಿಲ್ ಬಿಡಲಿಲ್ಲ. ಶಿಕಾಗೋಗೆ ತರಿಸಿದಳು. ಪೆಟ್ಟಿಗೆ ತೆರೆಯಬಾರದೆಂಬ ಷರತ್ತಿನ ಮೇಲೆ ಕಳಿಸಿದ್ದರು, ತೆರೆಸಿದಳು. ಮುಖ ತಿದ್ದಿಸದೆ, ಮುಚ್ಚಳ ಹಾಕದೆ ಜನರ ಎದುರು ಇಟ್ಟಳು. ಸಾವಿರಾರು ಸಾವಿರ ಜನ ಸಾಲುಗಟ್ಟಿ ನೋಡಿದರು. ಕಪ್ಪು ಜನರ ಪತ್ರಿಕೆ ‘ಜೆಟ್’ ತನ್ನ ಸೆಪ್ಟೆಂಬರ್ 15ರ ಸಂಚಿಕೆಯಲ್ಲಿ, ಡೇವಿಡ್ ಜಾಕ್ಸನ್ ತೆಗೆದ ಆ ಮುಖದ ಫೋಟೋ ಅಚ್ಚು ಹಾಕಿತು.

ಇಷ್ಟು ಕಥೆ ಹಲವರಿಗೆ ಗೊತ್ತಿದೆ. ನಾವು ಇಲ್ಲಿ ಒತ್ತಿ ಹೇಳಬೇಕಾದದ್ದು ಕಣ್ಣಿಗೆ ಬೀಳದೆ ಹೋಗುವ ಇನ್ನೊಂದು ಸಂಗತಿ. ತೆರೆದ ಶವಪೆಟ್ಟಿಗೆಯ ಮುಚ್ಚಳದ ಒಳಮೈಗೆ ಆ ತಾಯಿ ಮಗನ ಮೂರು ಫೋಟೋ ಅಂಟಿಸಿದ್ದಳು. 1954ರ ಕ್ರಿಸ್‌ಮಸ್ ಸಮಯದ ಫೋಟೋಗಳು. ಬಿಳಿ ಅಂಗಿ, ಟೈ, ತಲೆಯ ಮೇಲೆ ಹ್ಯಾಟು, ತುಂಬುಗೆನ್ನೆಯ ನಗು. ಒಂದರಲ್ಲಿ ಮನೆಯ ಟೆಲಿವಿಷನ್ನಿಗೆ ಒರಗಿ ನಿಂತಿದ್ದಾನೆ. ಇನ್ನೊಂದರಲ್ಲಿ ತಾಯಿ ಮಗ ಒಟ್ಟಿಗಿದ್ದಾರೆ. ಹಬ್ಬಕ್ಕೆ ಹೊಸ ಬಟ್ಟೆ ಹಾಕಿಸಿ ಮಗನ ಫೋಟೋ ತೆಗೆಯುವುದು ಎಲ್ಲ ತಾಯಂದಿರೂ ಮಾಡುವ ಕೆಲಸ. ಆ ಸಾಧಾರಣ ಫೋಟೋವನ್ನು ಎಲ್ಲಿಟ್ಟಳು ಎನ್ನುವುದರಲ್ಲಿದೆ ಅವಳ ಬುದ್ಧಿ. ಪೆಟ್ಟಿಗೆಯ ಮುಂದೆ ನಿಂತವನು ಕೆಳಗೆ ಜಜ್ಜಿದ ಮುಖ ನೋಡಬೇಕು, ಕಣ್ಣೆತ್ತಿದರೆ ನಗುವ ಮುಖ ನೋಡಬೇಕು. ಒಂದರಿಂದ ತಪ್ಪಿಸಿಕೊಂಡರೆ ಇನ್ನೊಂದು ಹಿಡಿಯುತ್ತದೆ. ಬರೀ ಹೆಣ ನೋಡಿದ್ದರೆ ‘ಪಾಪ, ಯಾರೋ ನೀಗ್ರೋ’ ಅಂತ ಮುಂದೆ ಹೋಗಬಹುದಿತ್ತು. ಬರೀ ನಗುವ ಫೋಟೋ ನೋಡಿದ್ದರೆ ‘ಪಾಪ, ಚೆಂದದ ಹುಡುಗ, ಹೋಗ್ಬಿಟ್ಟ’ ಅನ್ನಬಹುದಿತ್ತು. ಎರಡನ್ನೂ ಒಟ್ಟಿಗಿಟ್ಟಾಗ ಮಾತ್ರ ಪ್ರಶ್ನೆ ಹುಟ್ಟುತ್ತದೆ: ಈ ಮುಖವನ್ನು ಆ ಮುಖ ಮಾಡಿದವರು ಯಾರು?

ಸ್ಟೈಕನ್ 503 ಚಿತ್ರ ಜೋಡಿಸಿ ಪ್ರಶ್ನೆಯನ್ನು ಅಳಿಸಿದ. ವಾಯುಪಡೆಯ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿಯುತ್ತಿದ್ದ ಮೇಮಿ ಮೂರು ಚಿತ್ರ ಜೋಡಿಸಿ ಪ್ರಶ್ನೆಯನ್ನು ಹುಟ್ಟಿಸಿದಳು. ಆ ವರ್ಷ ಅಮೆರಿಕದಲ್ಲಿ ನಡೆದ ದೊಡ್ಡ ಫೋಟೋ ಪ್ರದರ್ಶನ ಯಾವುದು ಎಂದು ಕೇಳಿದರೆ ನಾವು ಶಿಕಾಗೋದ ಆ ಚರ್ಚಿನ ಕಡೆ ಕೈ ತೋರಿಸುತ್ತೇವೆ. ಬಾರ್ತ್ ಕೂಡ ತನ್ನ ಲೇಖನದಲ್ಲಿ ಅಲ್ಲಿಗೇ ಬಂದ. ಈ ಮಹಾ ಮಾನವ ಕುಟುಂಬದ ಬಗ್ಗೆ ಎಮೆಟ್ ಟಿಲ್‌ನ ತಂದೆತಾಯಿಯನ್ನು ಯಾಕೆ ಕೇಳಬಾರದು ಎಂದ.

3

ಕುಟುಂಬದ ಚಿತ್ರ ಎರಡೂ ಕಡೆ ಹರಿತವಿರುವ ಕತ್ತಿ. ಅದನ್ನು ಕೊಂದವರೂ ಬಳಸಿದರು.

ಸೆಪ್ಟೆಂಬರಿನಲ್ಲಿ ಸಮ್ನರ್ ಎಂಬ ಊರಲ್ಲಿ ವಿಚಾರಣೆ ನಡೆಯಿತು. ಬ್ರಯಂಟ್ ಮತ್ತು ಮೈಲಮ್ ನ್ಯಾಯಾಲಯಕ್ಕೆ ಹೆಂಡತಿಯರನ್ನೂ ಪುಟ್ಟ ಗಂಡುಮಕ್ಕಳನ್ನೂ ಕರೆದುಕೊಂಡು ಬಂದರು. ಮಕ್ಕಳು ಅಪ್ಪಂದಿರ ತೊಡೆಯ ಮೇಲೆ. ಪತ್ರಿಕೆಯ ಕ್ಯಾಮರಾಗಳು ಕ್ಲಿಕ್ಕಿಸಿದವು. ಆ ಫೋಟೋಗಳನ್ನು ಸುಮ್ಮನೆ ನೋಡಿದರೆ ಯಾವುದೋ ಸಂಸಾರಸ್ಥರ ಚಿತ್ರ. ಇಂಥ ಮುದ್ದು ಮಕ್ಕಳ ಅಪ್ಪ ಕೊಲೆಗಾರ ಆದಾನೇ ಎಂದು ನೋಡುಗ ತನ್ನನ್ನೇ ಕೇಳಿಕೊಳ್ಳುವಂತೆ ಕೂತಿದ್ದಾರೆ. ಬಿಳಿ ಗಂಡಸರೇ ತುಂಬಿದ್ದ ಜ್ಯೂರಿ 67 ನಿಮಿಷದಲ್ಲಿ ಇಬ್ಬರನ್ನೂ ಬಿಟ್ಟಿತು. ಸಿಕ್ಕಿದ ಹೆಣ ಎಮೆಟ್‌ನದೇ ಅಲ್ಲ ಎಂಬುದು ಪ್ರತಿವಾದಿಗಳ ವಾದ. ನನ್ನ ಮಗ ನನಗೆ ಗೊತ್ತು ಎಂದು ಹೆತ್ತವಳು ಸಾಕ್ಷಿ ಹೇಳಿದರೂ ಜ್ಯೂರಿಗೆ ಅದು ಸಾಲಲಿಲ್ಲ. ಮುಂದೆ 1956ರ ಜನವರಿಯಲ್ಲಿ ಅದೇ ಇಬ್ಬರು ‘ಲುಕ್’ ಪತ್ರಿಕೆಯಲ್ಲಿ, ಸುಮಾರು 4,000 ಡಾಲರ್ ಪಡೆದು, ಕೊಂದದ್ದು ನಾವೇ ಎಂದು ಹೇಳಿಕೊಂಡರು.

ಒಂದು ಮಗು ಅಪ್ಪನ ತೊಡೆಯ ಮೇಲೆ ಕೂತಿದೆ. ಇನ್ನೊಂದು ಮಗು ಪೆಟ್ಟಿಗೆಯಲ್ಲಿದೆ. ಮೊದಲನೆಯ ಮಗುವಿನ ಮುಗ್ಧತೆ ಎರಡನೆಯ ಮಗುವಿನ ಕೊಲೆಗೆ ಗುರಾಣಿಯಾಯಿತು. ತೊಡೆಯ ಮೇಲೆ ಕೂತ ಆ ಹುಡುಗರದೇನು ತಪ್ಪು? ಏನೂ ಇಲ್ಲ. ಆದರೆ ಆ ಹುಡುಗರಿಗೆ ಆಗ ಕಲಿಸುತ್ತಿದ್ದುದೇನು?

ಈ ಪ್ರಶ್ನೆಯನ್ನು ಇಪ್ಪತ್ತು ವರ್ಷ ಮೊದಲೇ ಕೇಳಿದವರಿದ್ದಾರೆ. ಫ್ಲಾರಿಡಾದಲ್ಲಿ 1935ರ ಜುಲೈನಲ್ಲಿ ರೂಬಿನ್ ಸ್ಟೇಸಿ ಎಂಬ ಕಪ್ಪು ಮನುಷ್ಯನನ್ನು ಬಿಳಿಯರು ಮರಕ್ಕೆ ನೇತುಹಾಕಿ ಕೊಂದರು. ಆ ಫೋಟೋದಲ್ಲಿ ಹೆಣದ ಸುತ್ತ ಬಿಳಿಯರ ಮಕ್ಕಳಿದ್ದಾರೆ. ಒಳ್ಳೆಯ ಫ್ರಾಕು ತೊಟ್ಟ ಪುಟ್ಟ ಹುಡುಗಿಯರು. ಕಪ್ಪು ಜನರ ಹಕ್ಕಿನ ಸಂಘಟನೆಯಾದ ಎನ್.ಎ.ಎ.ಸಿ.ಪಿ. ಆ ಫೋಟೋವನ್ನೇ ಕರಪತ್ರವಾಗಿ ಅಚ್ಚು ಮಾಡಿಸಿತು. ಸತ್ತವನನ್ನು ನೋಡಬೇಡಿ, ಅವನ ಕಷ್ಟ ಮುಗಿಯಿತು. ಅವನನ್ನು ನೋಡುತ್ತ ನಿಂತಿರುವ ಏಳು ಬಿಳಿ ಮಕ್ಕಳನ್ನು ನೋಡಿ, ಇವರು ಎಂಥ ಮನುಷ್ಯರಾಗಿ ಬೆಳೆಯುತ್ತಾರೆ ಎಂಬ ಅರ್ಥದ ಮಾತನ್ನು ಅದರಲ್ಲಿ ಬರೆಯಿತು. ಫೋಟೋ ವಿಮರ್ಶೆ ಎಂದರೆ ಇದು. ಕೊಂದವರು ಇಂಥ ಫೋಟೋಗಳನ್ನು ಅಂಚೆಕಾರ್ಡು ಮಾಡಿಸಿ ನೆಂಟರಿಗೆ ಕಳಿಸುತ್ತಿದ್ದ ಕಾಲವೊಂದಿತ್ತು. ಅದೇ ಬಗೆಯ ಚಿತ್ರವನ್ನು ಸಂಘಟನೆ ಆರೋಪಪಟ್ಟಿಯಾಗಿ ತಿರುಗಿಸಿತು. ಅದಕ್ಕೆ ಬೇಕಾದದ್ದು ಕೆಳಗಿನ ನಾಲ್ಕು ಸಾಲು ಬರಹ.

4

ಹಾಗಾದರೆ ಕಪ್ಪು ಜನರ ಮನೆಯ ಚಿತ್ರ ಎಂದರೆ ಸಾವಿನ ಚಿತ್ರ ಮಾತ್ರವೆ? ಅಲ್ಲ. ನಾವೂ ನಮ್ಮ ಬದುಕನ್ನು ಬರೀ ಗೋಳಾಗಿ ಬರೆದರೆ ಅದು ನಮ್ಮ ಮೇಲೆ ನಾವೇ ಎಸಗುವ ಅನ್ಯಾಯ.

ಅದೇ 1955ರಲ್ಲಿ ಒಂದು ಪುಟ್ಟ ಪುಸ್ತಕ ಬಂತು, ‘ದಿ ಸ್ವೀಟ್ ಫ್ಲೈಪೇಪರ್ ಆಫ್ ಲೈಫ್’. ಫೋಟೋಗಳು ರಾಯ್ ಡಿಕರಾವಾ ಅವರವು, ಮಾತು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರದು. ನ್ಯೂಯಾರ್ಕಿನಲ್ಲಿ ಕಪ್ಪು ಜನರ ಕೇರಿಯಾದ ಹಾರ್ಲೆಮ್‌ನಲ್ಲೇ ಹುಟ್ಟಿ ಬೆಳೆದ ಡಿಕರಾವಾ ತನ್ನ ಜನರ ಮನೆ, ಅಡಿಗೆಕೋಣೆ, ಬೀದಿ, ಮಕ್ಕಳನ್ನು ತೆಗೆದಿದ್ದ. ಹ್ಯೂಸ್ ಆ ಫೋಟೋಗಳ ಸುತ್ತ ಒಬ್ಬ ಅಜ್ಜಿಯನ್ನು ಕಲ್ಪಿಸಿದ. ದೇವರ ಕರೆ ಬಂದರೂ ನಾನೀಗ ಬರಲ್ಲ, ಮೊಮ್ಮಕ್ಕಳು ಏನಾಗುತ್ತಾರೋ ನೋಡಬೇಕು ಎನ್ನುವ ಅಜ್ಜಿ.

ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ಆ ಫೋಟೋಗಳಲ್ಲಿರುವವರು ನಿಜವಾಗಿ ಒಂದೇ ಮನೆಯವರಲ್ಲ. ಅವರನ್ನು ಒಂದು ಕುಟುಂಬ ಮಾಡಿದ್ದು ಹ್ಯೂಸ್ ಬರೆದ ಕಥೆ. ಸ್ಟೈಕನ್ ಮಾಡಿದ್ದೂ ಇದನ್ನೇ ಅಲ್ಲವೆ? ಹಾಗಿದ್ದರೆ ಅವನನ್ನು ಯಾಕೆ ಬೈಯುತ್ತೀರಿ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ವ್ಯತ್ಯಾಸ ಇಲ್ಲಿದೆ: ಹ್ಯೂಸ್ ಕಟ್ಟಿದ ಕುಟುಂಬಕ್ಕೆ ಒಂದು ವಿಳಾಸವಿದೆ. ಅಲ್ಲಿ ಬಾಡಿಗೆ ಕಟ್ಟಬೇಕು, ಕೆಲಸಕ್ಕೆ ಹೋಗಬೇಕು. ಒಬ್ಬ ಮೊಮ್ಮಗ ಒಳ್ಳೆಯವನು, ಇನ್ನೊಬ್ಬನದು ತಲೆನೋವು. ಅಜ್ಜಿಗೆ ಒಬ್ಬ ಮೊಮ್ಮಗನ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ. ಸ್ಟೈಕನ್‌ನ ಕುಟುಂಬದಲ್ಲಿ ಬಾಡಿಗೆಯೂ ಇಲ್ಲ, ಜಗಳವೂ ಇಲ್ಲ, ಕೂಲಿಯೂ ಇಲ್ಲ. ವಿಳಾಸವಿಲ್ಲದ ಕುಟುಂಬವನ್ನು ಹೊಗಳುವುದು ಸುಲಭ, ಅದಕ್ಕೆ ಏನನ್ನೂ ಕೊಡಬೇಕಾಗಿಲ್ಲ ನೋಡಿ.

ಮುಂದಿನ ವರ್ಷ, 1956ರ ಸೆಪ್ಟೆಂಬರ್ 24ರ ‘ಲೈಫ್’ ಪತ್ರಿಕೆಯಲ್ಲಿ ಗಾರ್ಡನ್ ಪಾರ್ಕ್ಸ್ ಅವರ ಬಣ್ಣದ ಫೋಟೋಗಳು ಬಂದವು. ಆ ಪತ್ರಿಕೆಯ ಮೊದಲ ಕಪ್ಪು ಛಾಯಾಗ್ರಾಹಕ ಆತ. ಅಲಬಾಮಾ ರಾಜ್ಯದಲ್ಲಿ ಬಿಳಿಯರ ಪ್ರತ್ಯೇಕತೆಯ ಕಾನೂನಿನ ಕೆಳಗೆ ಬದುಕುತ್ತಿದ್ದ ಒಂದು ವಿಸ್ತಾರ ಕುಟುಂಬವನ್ನು ಹಿಂಬಾಲಿಸಿ ತೆಗೆದವು. ಒಂದರಲ್ಲಿ ವಯಸ್ಸಾದ ಗಂಡಹೆಂಡತಿ ತಮ್ಮ ಮನೆಯ ಸೋಫಾದ ಮೇಲೆ ನೆಟ್ಟಗೆ ಕೂತಿದ್ದಾರೆ. ಅವರ ಹಿಂದೆ ಗೋಡೆಯ ಮೇಲೆ, ಕಟ್ಟು ಹಾಕಿಸಿದ ಹಳೆಯ ಪಟ. ಓಝಾರ್ಕಿನ ಬಿಳಿ ರೈತರ ಗೋಡೆಯ ಮೇಲಿದ್ದ ಅದೇ ಆಸ್ತಿ! ನಮಗೂ ಹಿಂದಿದೆ, ನಾವೂ ಯಾರದೋ ಮಕ್ಕಳು ಎಂದು ಆ ಪಟ ಹೇಳುತ್ತದೆ. ಇನ್ನೊಂದು ಫೋಟೋದಲ್ಲಿ ಕಪ್ಪು ಮಕ್ಕಳು ನಮಗೆ ಬೆನ್ನು ಮಾಡಿ ತಂತಿಬೇಲಿ ಹಿಡಿದು ನಿಂತಿದ್ದಾರೆ. ಬೇಲಿಯಾಚೆ ಬಿಳಿ ಮಕ್ಕಳಿಗೆ ಮಾತ್ರ ಮೀಸಲಾದ ಆಟದ ಬಯಲು. ಯುಜೀನ್ ಸ್ಮಿತ್‌ನ ಮಕ್ಕಳೂ ನಮಗೆ ಬೆನ್ನು ಮಾಡಿದ್ದರು. ಅವರ ಮುಂದೆ ಬೆಳಕಿತ್ತು, ಇವರ ಮುಂದೆ ತಂತಿಬೇಲಿ. ಎರಡು ಫೋಟೋಗಳನ್ನೂ ಅಕ್ಕಪಕ್ಕ ಇಟ್ಟು ಮಾನವ ಕುಟುಂಬದ ಮಾತಾಡಿ, ಆಗ ಕೇಳೋಣ.

ಈ ಫೋಟೋಗಳ ಬೆಲೆ ತೆತ್ತವರೂ ಆ ಕುಟುಂಬದವರೇ. ಪತ್ರಿಕೆಯಲ್ಲಿ ಪ್ರತ್ಯೇಕತೆಯ ವಿರುದ್ಧ ಬಾಯಿಬಿಟ್ಟ ಆ ಮನೆಯ ಮಗಳು ಹಳ್ಳಿಶಾಲೆಯ ಶಿಕ್ಷಕಿ. ಅವಳ ಕೆಲಸ ಹೋಯಿತು. ಗಂಡನ ಸಂಪಾದನೆಯೂ ನಿಂತಿತು. ಊರು ಬಿಡಬೇಕಾಯಿತು. ಇದನ್ನು ಓದುತ್ತಿರುವ ಹಳ್ಳಿ ಮೇಷ್ಟ್ರುಗಳಿಗೆ, ಟೀಚರಮ್ಮಂದಿರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

5

ದೂರದ ಅಮೆರಿಕದ ಕಥೆ ನಮಗ್ಯಾಕೆ? ಅದು ನಮಗೆ ದೂರವಾಗಿರಲೇ ಇಲ್ಲ. ಬಾಬಾಸಾಹೇಬರು 1946ರಲ್ಲೇ ಕಪ್ಪು ಜನರ ನಾಯಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನರು ಸಲ್ಲಿಸಿದ್ದ ಮನವಿಯ ಪ್ರತಿ ಕೇಳಿದ್ದರು. ಮುಂಬಯಿಯ ಯುವಕರು 1972ರಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದಾಗ ಹೆಸರು ಪಡೆದದ್ದು ಅಲ್ಲಿಯ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ‘ಮಾನವ ಕುಟುಂಬ’ವೂ 1956ರಲ್ಲಿ ಇಂಡಿಯಾಕ್ಕೆ ಬಂದಿತ್ತು. ಅದೇ ವರ್ಷ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ, ತಮಗೆ ಕೊಟ್ಟಿಗೆಯ ಜಾಗ ಕೊಟ್ಟಿದ್ದ ಮನೆಯನ್ನೇ ಬಿಟ್ಟು ಹೊರಬಂದರು.

ಈಗ ನಮ್ಮ ಗೋಡೆಗಳನ್ನು ನೋಡೋಣ. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಅವ್ವಂದಿರಿಗೆ ಬಾಲ್ಯದ ಫೋಟೋ ಎಂಬುದಿಲ್ಲ. ಮೊದಲ ಫೋಟೋ ಪಡಿತರ ಚೀಟಿಗೋ, ಸಾಲದ ಅರ್ಜಿಗೋ ತೆಗೆಸಿದ್ದು. ಸತ್ತ ಮೇಲೆ ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕುತ್ತೇವೆ; ಕೆಲವೊಮ್ಮೆ ಕೆನ್ನೆಯ ಮೇಲೆ ಸರ್ಕಾರಿ ಸೀಲಿನ ಅರ್ಧ ಗುರುತು ಹಾಗೇ ಇರುತ್ತದೆ. ಅಂಥ ಗೋಡೆಯ ಮೇಲೆ ಸೂಟು ತೊಟ್ಟ ಬಾಬಾಸಾಹೇಬರ ಪಟ ಇದ್ದರೆ ಅದನ್ನು ದೇವರಪಟ ಎಂದು ಹಗುರಾಗಿ ಆಡಬೇಡಿ. ಹಿರೀಕರ ಮುಖಗಳನ್ನು ಕಳೆದುಕೊಂಡ ಮನೆಗೆ ಅದು ಹಿರೀಕನ ಪಟ.

ಈಗ ಕೈಕೈಯಲ್ಲಿ ಫೋನಿದೆ, ಫೋಟೋಕ್ಕೆ ಬರವಿಲ್ಲ. ದೌರ್ಜನ್ಯ ನಡೆದ ಕೂಡಲೆ ಹೆಣದ ಫೋಟೋ ಸಾವಿರ ಕೈ ದಾಟುತ್ತದೆ. ಒಳ್ಳೆಯ ಉದ್ದೇಶದಿಂದಲೇ ಕಳಿಸುತ್ತೇವೆ. ಆದರೆ ಹೆತ್ತವಳನ್ನು ಕೇಳಿದೆವೆ? ಪೆಟ್ಟಿಗೆ ತೆರೆಯುವ ತೀರ್ಮಾನ ಮೇಮಿಯದಾಗಿತ್ತು. ಅಂಚೆಕಾರ್ಡು ಮಾಡಿದ ಕೊಲೆಗಾರರ ಫೋಟೋಗೂ ಅವಳು ತೋರಿಸಿದ ಫೋಟೋಗೂ ಇರುವ ವ್ಯತ್ಯಾಸವೆಲ್ಲ ಆ ತೀರ್ಮಾನದಲ್ಲಿದೆ. ತೋರಿಸುವುದೇ ಆದರೆ ಬದುಕಿದ್ದಾಗಿನ ಮುಖವನ್ನೂ ಹೆಸರನ್ನೂ ಜೊತೆಗಿಡಬೇಕು. ಅದಿಲ್ಲದೆ ‘ದಲಿತ ಬಾಲಕನ ಕೊಲೆ’ ಎಂಬ ಎರಡು ಸಾಲು ಸುದ್ದಿಯೊಳಗೆ ಮಗು ಕಳೆದುಹೋಗುತ್ತದೆ.

ಅಮೆರಿಕದಲ್ಲಿ ಲಿಂಚಿಂಗನ್ನು ದ್ವೇಷದ ಅಪರಾಧವೆಂದು ಕೇಂದ್ರ ಕಾಯಿದೆ ಒಪ್ಪಿದ್ದು 2022ರ ಮಾರ್ಚಿನಲ್ಲಿ, ಎಮೆಟ್ ಟಿಲ್ ಹೆಸರಲ್ಲಿ. ಅರವತ್ತಾರು ವರ್ಷ ಬೇಕಾಯಿತು. ಅಷ್ಟೂ ವರ್ಷ ಜನರ ನೆನಪಿನಲ್ಲಿ ಅವನನ್ನು ಉಳಿಸಿದ್ದು ಆ ಎರಡು ಬಗೆಯ ಮುಖಗಳು.

ಶಿಕ್ಷಕ ಗೆಳೆಯರಲ್ಲಿ, ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಕೋರಿಕೆ. ಮಕ್ಕಳಿಗೆ ಮನೆಯಿಂದ ಒಂದು ಹಳೆಯ ಫೋಟೋ ತರಲು ಹೇಳಿ. ಇದನ್ನು ಯಾರು ತೆಗೆದರು, ಯಾಕೆ ತೆಗೆದರು, ಹಣ ಯಾರು ಕೊಟ್ಟರು, ಇದರಲ್ಲಿ ಯಾರಿಲ್ಲ, ಅವರು ಯಾಕಿಲ್ಲ ಎಂದು ಕೇಳಿ ಬರೆಯಿಸಿ. ಫೋಟೋ ಇಲ್ಲದ ಮನೆಯ ಮಗು ಬರಿಗೈಲಿ ಬಂದರೆ ಅದನ್ನು ಕೂರಿಸಿಕೊಂಡು ಅಜ್ಜ ಅಜ್ಜಿಯ ಹೆಸರು, ಮಾಡುತ್ತಿದ್ದ ಕೆಲಸ, ಅವರ ಮುಖದಲ್ಲಿ ನೆನಪಿರುವ ಗುರುತು ಬರೆಯಿಸಿ. ಬರೆದ ಹಾಳೆಯನ್ನು ಉಳಿದ ಫೋಟೋಗಳ ಸಾಲಿನಲ್ಲೇ ಶಾಲೆಯ ಗೋಡೆಗೆ ಅಂಟಿಸಿ.